ಐದೇ ದಿನ ನೆನೆದ ಬಿದಿರು

ಅವತ್ತು ಬೆಳಿಗ್ಗೆ ಗಾಳಿ ನಿಂತುಹೋಗಿತ್ತು. ಶಿವರಾತ್ರಿ ಕಳೆದ ಮೇಲೆ ಎಂಟು ದಿನ ಬಿಡದೆ ಕೆಂಧೂಳು ಹೊತ್ತು ಬೀಸಿದ ಗಾಳಿ ಅದು. ಈಗ ಬೇವಿನ ಚಿಗುರೂ ಅಲುಗುತ್ತಿರಲಿಲ್ಲ. ದೇವರು ಅರ್ಧ ದಿನ ಕೊಟ್ಟಿದ್ದಾನೆ, ಬಿಸಿಲೇರಿದರೆ ಮತ್ತೆ ಎದ್ದೀತು, ಅಷ್ಟರಲ್ಲಿ ಮಾಡು ಏರಬೇಕು ಅಂತ ಮಹಿಳಾ ಸಂಘದ ನರಸಕ್ಕ ಮನೆಮನೆ ಬಾಗಿಲಲ್ಲಿ ಕೂಗಿಕೊಂಡು ಹೋದಳು.

ಏರಬೇಕಿದ್ದದ್ದು ಮಕ್ಕಳ ಓದುಮನೆಯ ಮಾಡು, ಅಂದರೆ ಬಿದಿರಿನ ಚಾವಣಿ. ಆಂಧ್ರದ ಗಡಿಯ ಕಂಬದೂರಿನಿಂದ ಆಟೋ ಹಿಡಿದು ಒಳಕ್ಕೆ ಹೋಗಬೇಕಾದ ಆ ಊರಲ್ಲಿ ಸಣ್ಣ ಮಕ್ಕಳು ಇಷ್ಟು ದಿನ ತಗಡಿನ ಕೊಠಡಿಯಲ್ಲಿ ಕೂತು ಅಕ್ಷರ ಕಲಿಯುತ್ತಿದ್ದರು. ಹನ್ನೊಂದು ಗಂಟೆಗೆಲ್ಲ ತಗಡು ಕಾದು ರೊಟ್ಟಿ ಹಂಚಿನಂತಾಗುತ್ತಿತ್ತು. ಹೋದ ಬೇಸಿಗೆಯಲ್ಲಿ ಮೂರು ಮಕ್ಕಳು ಅಲ್ಲೇ ತಲೆ ತಿರುಗಿ ಬಿದ್ದವು. ಅವರಲ್ಲಿ ಒಬ್ಬಳು ಪದ್ಮಲತಾಳ ಮಗಳು ಇಂದ್ರಾಣಿ. ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಬಾವಿಕಟ್ಟೆಗೆ ಓಡಿದ್ದು ಪದ್ಮಲತಾಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿತ್ತು.

ಆಗಲೇ ಸಂಘದವರು ಹಳ್ಳದ ದಂಡೆಯ ಬಿದಿರನ್ನು ನೆನಪಿಸಿಕೊಂಡದ್ದು. ಮಣ್ಣು ಕೊಚ್ಚಿ ಹೋಗಬಾರದು ಅಂತ ಆರು ವರ್ಷದ ಹಿಂದೆ ಅವರೇ ನೆಟ್ಟ ಮೆಳೆಗಳು. ಹಿಂದೂಪುರದಲ್ಲಿ ಬಿದಿರು ಕೆಲಸ ಕಲಿಸುವ ರೇವತಿಯನ್ನು ಕರೆಸಿದರು. ತಂಪಾದ ಮನೆ ಕಟ್ಟಬಹುದು, ಬಲಿತ ಗಳವನ್ನಷ್ಟೇ ಕಡಿದರೆ ಮೆಳೆಯೂ ಉಳಿಯುತ್ತದೆ, ವರ್ಷ ವರ್ಷವೂ ಕೊಡುತ್ತದೆ ಅಂದಳು ರೇವತಿ.

ಮೊದಲ ದಿನವೇ ಅಡ್ಡ ಬಂದವಳು ಪಾಪಕ್ಕ. ಊರಿಗೇ ಹಿರಿ ಹೆಂಗಸು.

"ಚಟ್ಟ ಕಟ್ಟೋ ಬಿದ್ರು ಕಣಮ್ಮ ಅದು. ಅದರ ಕೆಳಗೆ ಮಕ್ಕಳನ್ನ ಕೂರಿಸ್ತೀಯಾ?"

ರೇವತಿ ನಕ್ಕಳು. "ಪಾಪಕ್ಕ, ನೀನು ಮದುವೆಯಲ್ಲಿ ಬಾಗಿನ ಕೊಟ್ಟ ಮೊರ ಯಾವುದರದು? ನಿನ್ನ ಮಕ್ಕಳನ್ನ ತೂಗಿದ ತೊಟ್ಟಿಲು ಯಾವುದರದು?"

ಪಾಪಕ್ಕ ಬಾಯಿಯ ಎಲೆಅಡಿಕೆ ಉಗಿದಳು. ಆಮೇಲೆ, "ಮಾತಲ್ಲಿ ಗೆದ್ಬುಟ್ಟೆ. ಗಾಳೀಲಿ ಗೆಲ್ತೀಯೇನೋ ನೋಡಾಣ," ಅಂದಳು.

ಕೆಲಸವೆಲ್ಲ ಮುಯ್ಯಿಯ ಮೇಲೆ ನಡೆಯಿತು. ಹೊಲದಲ್ಲಿ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವ ಹಾಗೆ ಮನೆಗೊಂದು ಪಾಲು. ಒಬ್ಬರು ಕಡಿಯಬೇಕು, ಒಬ್ಬರು ಹೊರಬೇಕು, ನೀರಿನ ತೊಟ್ಟಿ ಇರುವವರು ನೆನೆಸಬೇಕು. ರೇವತಿ ಒಂದು ಮಾತನ್ನು ಬೆರಳು ಮಡಿಸಿ ಮಡಿಸಿ ಹೇಳಿದ್ದಳು: ಹಸಿ ಬಿದಿರಿನೊಳಗೆ ಸಿಹಿ ಇರುತ್ತದೆ, ಹುಳು ಬರುವುದು ಅದಕ್ಕೇ. ಗೆಣ್ಣಿಗೆ ತೂತು ಹಾಕಿ, ಬಿಳಿಗಾರ ಮತ್ತು ಬೋರಿಕ್ ಪುಡಿ ಕಲಸಿದ ನೀರಲ್ಲಿ ಹದಿನಾಲ್ಕು ದಿನ ಮುಳುಗಿಸಿಡಬೇಕು. ಆ ನೀರನ್ನು ದನಕರು ಮುಟ್ಟಬಾರದು. ಆಮೇಲೆ ನೆರಳಲ್ಲಿ ನಿಲ್ಲಿಸಿ ಒಣಗಿಸಬೇಕು.

ಎಲ್ಲಕ್ಕಿಂತ ದಪ್ಪನೆಯ ನಾಲ್ಕು ಗಳ, ಅಂದರೆ ನಾಲ್ಕು ಮೂಲೆಯ ಕಂಬಗಳು, ಪದ್ಮಲತಾಳ ಮಾವ ಕದಿರಪ್ಪನ ತೊಟ್ಟಿಗೆ ಬಂದವು. ಉದ್ದನೆಯ ತೊಟ್ಟಿ ಇದ್ದದ್ದು ಅವನ ಕುರಿರೊಪ್ಪದಲ್ಲಿ ಮಾತ್ರ.

ಈಗ ಆ ನಾಲ್ಕೂ ಸೈಜುಗಲ್ಲಿನ ಮೇಲೆ ಎದ್ದು ನಿಂತಿದ್ದವು. ಮಾಡು ಏರುವ ಮುಂಚೆ ಕಂಬಕ್ಕೆ ಅರಿಶಿನ ಕುಂಕುಮ ಇಡುವುದು ಪದ್ಮಲತಾಳ ಪಾಲಿಗೆ ಬಂದಿತ್ತು. ಮೊದಲ ಕಂಬದ ಬುಡಕ್ಕೆ ನೀರು ಚಿಮುಕಿಸಲು ಬಗ್ಗಿದವಳು ಹಾಗೇ ನಿಂತಳು. ಕಲ್ಲಿನ ಮೇಲೆ ಬಿಳಿಚಿದ ಪುಡಿ ಬಿದ್ದಿತ್ತು. ರಾಗಿ ಹಿಟ್ಟಿಗಿಂತ ನಯ. ಮೇಲೆ ನೋಡಿದಳು. ಬಿದಿರಿನ ಮೈಯಲ್ಲಿ ಸೂಜಿಮೊನೆಯಷ್ಟು ತೂತು, ಒಂದಲ್ಲ, ನಾಲ್ಕೈದು.

ಅವಳ ಕೈ ತಾನಾಗಿ ಸೆರಗು ಹಿಡಿದು ಆ ಪುಡಿಯನ್ನು ಒರೆಸಿಬಿಟ್ಟಿತು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಪುಷ್ಯಮಾಸದಲ್ಲಿ ಗಳ ನೆನೆಹಾಕಿ ಐದನೆಯ ದಿನ ಮಾವ ತೊಟ್ಟಿ ಖಾಲಿ ಮಾಡಿಸಿದ್ದ. ಕುರಿಗೆ ನೀರು ಕುಡಿಸಲು ದಿನವೂ ಊರಿನ ಆ ತುದಿಯ ಮುನೆಪ್ಪನ ತೊಟ್ಟಿಗೆ ಹೊಡೆದುಕೊಂಡು ಹೋಗಿ ಅವನಿಗೆ ಸಾಕಾಗಿತ್ತು. ನಮ್ಮ ತಾತನ ಕಾಲದ ಚಪ್ಪರಕ್ಕೆ ಯಾವ ಮದ್ದು ಹಾಕಿದ್ದರು ಅಂತ ಗೊಣಗಿ, ಗಳಗಳನ್ನು ಬಿಸಿಲಿಗೆ ಒರಗಿಸಿದ್ದ. ಹದಿನಾಲ್ಕು ದಿನ ಆದ ಮೇಲೆ ರೇವತಿ ಫೋನು ಮಾಡಿದಾಗ, "ಎಲ್ಲ ಆಯ್ತು ಕಣಮ್ಮ," ಅಂದಿದ್ದ. ಪದ್ಮಲತಾ ಆಗ ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದಳು. ಮಾವನ ಮಾತಿಗೆ ಎದುರಾಡಿದ ಸೊಸೆ ಆ ಮನೆಯಲ್ಲಿ ಇರಲಿಲ್ಲ. ಅವಳೂ ಆಡಲಿಲ್ಲ.

ಎರಡನೆಯ ಕಂಬದ ಬುಡದಲ್ಲೂ ಪುಡಿ. ತಲೆ ಎತ್ತಿದರೆ ಹತ್ತು ಮಾರು ದೂರದಲ್ಲಿ ಕದಿರಪ್ಪ ಹಗ್ಗ ಸುತ್ತುತ್ತ ಅವಳನ್ನೇ ನೋಡುತ್ತಿದ್ದ. ಪುಡಿ ಅವನಿಗೆ ಕಂಡಿತೋ ಇಲ್ಲವೋ, ತಿಳಿಯಲಿಲ್ಲ. ಅವನೇ ಮೊದಲು ಮುಖ ತಿರುಗಿಸಿದ.

ಅಷ್ಟರಲ್ಲಿ ರೇವತಿ ಕಂಬದೂರಿನಲ್ಲಿ ಬಸ್ಸಿಳಿದು, ಆಟೋದಲ್ಲಿ ಬಂದು ತಲುಪಿದಳು. ಬಂದವಳೇ ನೆಲದ ಮೇಲೆ ಕಟ್ಟಿಟ್ಟಿದ್ದ ಮಾಡಿನ ಚೌಕಟ್ಟಿನ ಗಂಟುಗಳನ್ನು ಎಳೆದು ನೋಡತೊಡಗಿದಳು. ಪದ್ಮಲತಾ ಅವಳ ಪಕ್ಕಕ್ಕೆ ಹೋಗಿ ನಿಂತಳು.

"ಅಕ್ಕ, ಒಂದು ಕೇಳ್ತೀನಿ. ಯಾರಾದ್ರೂ ಗಳಾನ ಐದೇ ದಿನ ನೆನೆಸಿದ್ರೆ ಏನಾಯ್ತದೆ?"

ರೇವತಿ ಗಂಟಿನಿಂದ ಕಣ್ಣು ತೆಗೆಯಲಿಲ್ಲ. "ಇವತ್ತೇನೂ ಆಗಲ್ಲ ಪದ್ಮಾ. ಈ ವರ್ಷವೂ ಆಗಲ್ಲ. ಹೊರಗೆ ಕಂಬ ಚೆನ್ನಾಗೇ ಕಾಣ್ತದೆ, ಹುಳು ಒಳಗೇ ತಿಂತಾ ಇರ್ತದೆ. ಎರಡು ವರ್ಷವೋ ಮೂರು ವರ್ಷವೋ, ಒಂದು ದಿನ ಗಾಳಿ ಬಂದಾಗ ಮುರೀತದೆ."

ಮೂರು ವರ್ಷ. ಇಂದ್ರಾಣಿಗೆ ಆಗ ಎಂಟು ತುಂಬಿರುತ್ತದೆ, ಅಂದುಕೊಂಡಳು ಪದ್ಮಲತಾ. ಇದೇ ಮಾಡಿನ ಕೆಳಗೆ ಕೂತು ಕನ್ನಡ, ತೆಲುಗು ಎರಡೂ ಓದುತ್ತಿರುತ್ತಾಳೆ. ಇವತ್ತು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ನರಸಕ್ಕ ಎಲ್ಲರನ್ನೂ ಕರೆದಳು. ಇಪ್ಪತ್ತು ಜನ ಚೌಕಟ್ಟಿನ ಸುತ್ತ ನಿಂತರು. ನಾಲ್ಕು ಹಗ್ಗಕ್ಕೆ ನಾಲ್ಕು ಜನ. ಒಂದು ಹಗ್ಗ ಪದ್ಮಲತಾಳ ಕೈಯಲ್ಲಿ, ಎದುರಿನ ಹಗ್ಗ ಕದಿರಪ್ಪನ ಕೈಯಲ್ಲಿ. ಪಡುವಣ ದಿಕ್ಕಿನಲ್ಲಿ ಧೂಳಿನ ಸಣ್ಣ ಸುಳಿಯೊಂದು ಎದ್ದು ಬಿದ್ದಿತು. ಬೇಗ, ಬೇಗ ಅಂದರು ಯಾರೋ. ನರಸಕ್ಕ ದೇವರ ಹೆಸರು ಹೇಳಿ ಕೈ ಎತ್ತಿದಳು. ಚೌಕಟ್ಟು ಮೊಣಕಾಲೆತ್ತರಕ್ಕೆ ಬಂತು.

ಪದ್ಮಲತಾ ಹಗ್ಗ ಎಳೆಯಲಿಲ್ಲ.

ಅವಳ ಮೂಲೆ ಕೆಳಗೇ ಉಳಿಯಿತು. ಹೊತ್ತವರು ತಡಬಡಿಸಿ ಚೌಕಟ್ಟು ನೆಲಕ್ಕಿಳಿಸಿದರು. ಕೈಗೆ ಬಲ ಇಲ್ಲವೇನೇ, ಮನೇಲಿ ಮುದ್ದೆ ಹಾಕಲ್ವಾ ಅಂತ ಪಾಪಕ್ಕ ಬೈದಳು. ಪದ್ಮಲತಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮಾವನ ಕಡೆ ನೋಡಲಿಲ್ಲ.

"ಆ ನಾಲ್ಕು ಕಂಬ ಹದಿನಾಲ್ಕು ದಿನ ನೆನೆದಿಲ್ಲ. ಐದೇ ದಿನ. ನನಗೆ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನನ್ನದೂ ಅದೆ."

ಕದಿರಪ್ಪನ ಮುಖ ಕೆಂಪೇರಿತು. ಊರ ಮುಂದೆ ಮಾನ ಕಳೀತೀಯಾ, ನಾಲ್ಕು ಕಂಬದ ಮಾತಿಗೆ ಮನೆಯ ಮಾತು ಬೀದಿಗೆ ತಂದೆಯಾ ಅಂತ ಗದರಿದ. ಕಂಬ ಹಿಡಿದು ಅಲ್ಲಾಡಿಸಿದ. ಕಂಬ ಗಟ್ಟಿಯಾಗೇ ನಿಂತಿತ್ತು. ನೋಡ್ಕೊಳ್ಳಿ, ಏನಾಗಿದೆ ಇದಕ್ಕೆ ಅಂದ.

ರೇವತಿ ಬೈಯಲಿಲ್ಲ. ಒಂದು ಕಂಬ ಇಳಿಸಿ ಅಂದಳು. ಮುನೆಪ್ಪ ಮಚ್ಚು ಕೊಟ್ಟ. ಬುಡಕ್ಕೆ ಮಚ್ಚಿಟ್ಟು ಮೇಲೊಂದು ಕಲ್ಲಿನಿಂದ ಹೊಡೆದಳು. ಬಿದಿರು ಸೀಳಿ ಎರಡಾಯಿತು. ಒಳಗಿಂದ ಒಂದು ಬೊಗಸೆ ಪುಡಿ ಸುರಿಯಿತು. ಸೀಳಿನ ಉದ್ದಕ್ಕೂ ಗೆರೆ ಗೆರೆ ಸುರಂಗ. ಒಂದು ಸಣ್ಣ ಕರಿ ಹುಳು ಬಿಸಿಲಿಗೆ ಬೆದರಿ ಓಡಿತು.

ಪಾಪಕ್ಕ ಬಗ್ಗಿ ಆ ಪುಡಿಯನ್ನು ಅಂಗೈಗೆ ತೆಗೆದುಕೊಂಡಳು. ಕದಿರಪ್ಪನ ಮುಂದೆ ಹಿಡಿದಳು.

"ನೋಡ್ಲಾ ಕದಿರಪ್ಪ. ನಿನ್ನ ಮೊಮ್ಮಗಳ ತಲೆ ಮೇಲೆ ಇಡಕ್ಕೆ ಹೊರಟಿದ್ದು ಇದನ್ನ."

ಕದಿರಪ್ಪ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ದನಿ ಇಳಿದಿತ್ತು.

"ಚಪ್ಪರ ಅಂದ್ಕೊಂಡೆ ಕಣಮ್ಮ. ಚಪ್ಪರ ಮೂರು ದಿನ ನಿಂತ್ರೆ ಸಾಕು. ಇದು ಮಕ್ಕಳು ಬೆಳೆಯೋ ತನಕ ನಿಲ್ಬೇಕು ಅಂತ ನನ್ನ ತಲೆಗೆ ಹೋಗ್ಲಿಲ್ಲ." ಆಮೇಲೆ ರೇವತಿಯನ್ನು ಕೇಳಿದ, "ಈಗ ಏನ್ಮಾಡಾಣ, ಹೇಳು ತಾಯಿ."

ದಪ್ಪ ಗಳ ಬೇರೆ ಇರಲಿಲ್ಲ. ಚಳಿಗಾಲ ಕಳೆದ ಮೇಲೆ ಹೊಸದಾಗಿ ಕಡಿಯುವಂತೆಯೂ ಇರಲಿಲ್ಲ. ಆದರೆ ಓದುಮನೆಯ ಅಂಗಳದ ಬೇಲಿಗೆಂದು ನರಸಕ್ಕನ ಮನೆಯಲ್ಲಿ ಹನ್ನೆರಡು ಸಣ್ಣ ಗಳ ನೆನೆದು, ಒಣಗಿ ಸಿದ್ಧವಾಗಿದ್ದವು, ಪೂರ್ತಿ ಹದಿನಾಲ್ಕು ದಿನ ನೆನೆದವು. ಮೂರು ಮೂರನ್ನು ಸೇರಿಸಿ ಒಂದೊಂದು ಕಂಬ ಕಟ್ಟಬಹುದು, ಒಂಟಿ ದಪ್ಪ ಗಳದಷ್ಟೇ ತಡೆಯುತ್ತದೆ ಅಂದಳು ರೇವತಿ. ಬೇಲಿ ಆಮೇಲಾಗಲಿ ಅಂದಳು ನರಸಕ್ಕ.

ಬಿಸಿಲು ನೆತ್ತಿಗೆ ಬರುತ್ತಿತ್ತು. ಹೆಂಗಸರು ಸೆಣಬಿನ ಹಗ್ಗ ನೆನೆಸಿ ಕೊಟ್ಟರು, ಗಂಡಸರು ಕಾಲು ಕೊಟ್ಟು ಬಿಗಿದರು. ಹಳೆಯ ಕಂಬ ಇಳಿಸಿ, ಹೊಸದನ್ನು ಕಟ್ಟಿದಂತೆಲ್ಲ ಕಲ್ಲಿನ ಮೇಲೆ ನಿಲ್ಲಿಸಿದರು. ನಾಲ್ಕನೆಯ ಕಂಬದ ಕೊನೆಯ ಸುತ್ತು ಹಾಕುವಾಗ ಪಡುವಣದಿಂದ ಗಾಳಿ ಎದ್ದೇಬಿಟ್ಟಿತು. ಧೂಳು ಕಣ್ಣಿಗೆ ಬಡಿಯಿತು. ಎತ್ತಬೇಕೋ ಬೇಡವೋ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕದಿರಪ್ಪ ಗಾಳಿ ಬಡಿಯುವ ಮೂಲೆಗೆ ಹೋಗಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತ. "ಎಳಿಯಮ್ಮ ಪದ್ಮಾ," ಅಂದ. ಈ ಸಲ ಅವಳು ಎಳೆದಳು. ಚೌಕಟ್ಟು ಗಾಳಿಯಲ್ಲಿ ಒಮ್ಮೆ ವಾಲಿತು. ಇಪ್ಪತ್ತು ಜನ ಕಾಲೂರಿ ಹಿಡಿದರು. ಆಮೇಲೆ ಅದು ನಾಲ್ಕೂ ಕಂಬದ ತಲೆಯ ಮೇಲೆ ಮೆಲ್ಲಗೆ ಕೂತಿತು. ಅವತ್ತು ಸಂಜೆಯವರೆಗೂ ಗಾಳಿ ಬೀಸಿತು. ಓದುಮನೆ ಅಲುಗಲಿಲ್ಲ.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಹಳ್ಳದ ದಂಡೆ, ಹೊಲದ ಬದು ಖಾಲಿ ಬಿದ್ದಿದ್ದರೆ ಬಿದಿರು ನೆಡಿ. ಮಣ್ಣನ್ನೂ ಹಿಡಿಯುತ್ತದೆ, ಮನೆಯನ್ನೂ ಕೊಡುತ್ತದೆ. ಎಳೆಯದನ್ನು ಮುಟ್ಟಬೇಡಿ. ಮೂರು ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಮುಗಿದ ಮೇಲೆ, ಚಳಿಯ ದಿನಗಳಲ್ಲಿ ಕಡಿಯಿರಿ. ನೆನೆಯುವಷ್ಟು ದಿನ ನೆನೆಯಲು ಬಿಡಿ. ಬುಡ ಕಲ್ಲಿನ ಮೇಲಿರಲಿ, ಮಾಡಿನ ಸೂರು ಅಗಲವಾಗಿರಲಿ. ಬಿಸಿಲು, ನೀರು ಕಂಬ ಮುಟ್ಟದಿರಲಿ. ಎಲ್ಲಾದರೂ ಕಡಿಮೆ ಮಾಡಿದ್ದು ನಿಮಗೆ ಗೊತ್ತಿದ್ದರೆ, ಮಾಡು ಏರುವ ಮುಂಚೆ ಬಾಯಿ ಬಿಡಿ. ಮನೆಯವರದೇ ತಪ್ಪಾಗಿರಲಿ, ಬಿಡಿ. ಕೆಳಗೆ ಕೂರುವವು ನಮ್ಮ ಮಕ್ಕಳೇ.

ಮಳೆಗಾಲ ಕಳೆದು ಮಾರ್ಗಶಿರ ಬಂತು. ಕದಿರಪ್ಪ ಯಾರಿಗೂ ಹೇಳದೆ ಹಳ್ಳಕ್ಕೆ ಹೋಗಿ ಬಲಿತ ಗಳ ಆರಿಸಿ ಕಡಿದ. ಹದಿನಾಲ್ಕು ದಿನವೂ ಕುರಿಗಳನ್ನು ಮುನೆಪ್ಪನ ತೊಟ್ಟಿಗೆ ತಾನೇ ಹೊಡೆದುಕೊಂಡು ಹೋದ. ಆಮೇಲೆ ಒಂದು ತಿಂಗಳು ಗಳಗಳನ್ನು ರೊಪ್ಪದ ನೆರಳಲ್ಲಿ ನಿಲ್ಲಿಸಿದ. ಒಂದು ಬೆಳಿಗ್ಗೆ ಮಕ್ಕಳು ಓದುವ ದನಿ ಕೇಳುತ್ತಿರುವಾಗ ಅವನ್ನು ಹೆಗಲ ಮೇಲೆ ಎರಡು ಸಲಕ್ಕೆ ಹೊತ್ತು ತಂದು, ಓದುಮನೆಯ ಅಂಗಳ ಗುಡಿಸುತ್ತಿದ್ದ ಸೊಸೆಯ ಮುಂದೆ ಇಳಿಸಿದ.

"ಬೇಲೀದು. ಹನ್ನೆರಡವೆ, ಎಣಿಸ್ಕೊಳ್ಳಮ್ಮ," ಅಂದ.

ಪದ್ಮಲತಾ ಎಣಿಸಲಿಲ್ಲ. ಪೊರಕೆ ಕೆಳಗಿಟ್ಟು, ಮೊದಲ ಗಳವನ್ನು ಎರಡೂ ಕೈಯಿಂದ ಎತ್ತಿಕೊಂಡಳು.