ಗಯ್ಯಾಳಿಯ ಊತ

ಕೊಟ್ಟಿಗೆಯಲ್ಲಿ ಎಲ್ಲರೂ ಗಯ್ಯಾಳಿ ಎಂದು ಕರೆಯುತ್ತಿದ್ದ ಹಸುವಿನ ಕುತ್ತಿಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಊತ ಎದ್ದಿತ್ತು. ಅದನ್ನು ಕಂಡು ವಿಜ್ಞಾನಿ ಮೊದಲು ಹಿರಿಹಿರಿ ಹಿಗ್ಗಿದ. ಇಷ್ಟು ವರ್ಷ ಅವನು ಹುಡುಕಿದ್ದು ಇದನ್ನೇ: ಕ್ಷಯದ ಸುಳಿವು ಸಿಕ್ಕರೆ ಸಾಕು, ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುವ ರಕ್ತ. ಆ ಜಗಳಗಂಟತನ ಯಾವ ಜೀನಿನಿಂದ ಬರುತ್ತದೆ ಎಂಬುದೂ ಹೆಚ್ಚುಕಡಿಮೆ ಅವನ ಕೈಗೆ ಸಿಕ್ಕಿತ್ತು. ಗಯ್ಯಾಳಿ ಈಗ ಗಬ್ಬ. ಕರುವಿನಲ್ಲೂ ಅದೇ ಜೀನು ಕಾಣಿಸಿದರೆ ಅವನ ಸಂಶೋಧನೆ ದಡ ಮುಟ್ಟಿದಂತೆ.

ಆಮೇಲೆ ಅವನು ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನಿಂತ ಹೆಂಡತಿಯ ಮುಖ ನೋಡಿದ. ಹಿಗ್ಗು ಜರ್ರನೆ ಇಳಿಯಿತು.

ಹೆಂಡತಿ ಸರ್ಕಾರಿ ಪಶುವೈದ್ಯೆ. ಸತ್ತ ರೋಗಾಣುವಿನ ಸಾರವನ್ನು ಪ್ರತಿ ಹಸುವಿನ ಚರ್ಮಕ್ಕೂ ಒಂದೊಂದು ಹನಿ ಚುಚ್ಚಿ ಹೋಗಿದ್ದವಳು ಈಗ ಊತ ಅಳೆಯಲು ಬಂದಿದ್ದಳು. ಊತ ಮಿತಿ ದಾಟಿದರೆ ಹಸುವಿಗೆ ಕ್ಷಯ ಎಂದೇ ಲೆಕ್ಕ, ನೇರ ಕಸಾಯಿಖಾನೆಗೆ.

"ಹದಿನೆಂಟು ಮಿಲಿಮೀಟರ್. ದಾಟಿದೆ ರೀ," ಎಂದಳು.

"ದಾಟ್ಲೇಬೇಕಲ್ಲ! ಅವಳ ಮೈ ಚುರುಕಾಗಿದೆ ಅಂತ ಅರ್ಥ ಕಣೇ, ರೋಗ ಇದೆ ಅಂತಲ್ಲ."

"ಇರಬಹುದು. ನಿಯಮ ಊತ ಅಳೆ ಅನ್ನುತ್ತೆ. ಊತದ ಮನಸ್ಸಲ್ಲೇನಿದೆ ಕೇಳು ಅನ್ನಲ್ಲ."

"ಪಕ್ಕದಲ್ಲಿ ಕಟ್ಟಿರೋ ನಮ್ಮ ಸಾಧ್ವೀನ ನೋಡು. ಯಾವತ್ತೂ ಒಂದು ಚೂರು ಊದಿದವಳಲ್ಲ. ಒಳಗೆ ಕ್ಷಯದ ಹುಳುಕು ತುಂಬಿ, ಮೈ ಸೋತು ಸುಮ್ಮನಾಗಿದ್ರೆ?"

"ನನಗೂ ಗೊತ್ತು. ಊದಿಲ್ಲ ಅಂದ್ರೆ ಪಾಸು."

"ಹಾಗಾದ್ರೆ ಸ್ವಲ್ಪ ದಿನ ಬಿಟ್ಟು ಗಯ್ಯಾಳಿಗೆ ಇನ್ನೊಂದು ಪರೀಕ್ಷೆ ಮಾಡು."

"ಎರಡನೇ ಪರೀಕ್ಷೆ ಬೇಡ ಅಂತ ತೆಗೆಸಿದ ಸಮಿತಿಯಲ್ಲಿ ತಜ್ಞರು ಯಾರಿದ್ರು, ನೆನಪಿದೆಯಾ?"

ನೆನಪಿತ್ತು. ಎರಡನೇ ಸಲ ಅಳೆಯುವಾಗ ಮಾಲೀಕರು ವಶೀಲಿ ಹಚ್ಚುತ್ತಾರೆ ಎಂದು ಮೇಜು ಗುದ್ದಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದವನು ಅವನೇ. ಆಗ ಅವನ ಬಳಿ ಹಸುಗಳಿರಲಿಲ್ಲ, ಅಭಿಪ್ರಾಯಗಳಷ್ಟೇ ಇದ್ದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಹೆಂಡತಿ ಇಬ್ಬರೂ ಮುಖ ಗಂಟಿಕ್ಕಿಕೊಂಡಿದ್ದರು. ಅವನ ತಾಯಿಗೆ ತಡೆಯಲಾಗಲಿಲ್ಲ.

"ಒಂದು ಹಸು ವಿಷಯಕ್ಕೆ ಮಾತು ಬಿಡೋದೇನೋ? ಇವಳೇನು ಹೊರಗಿನವಳಾ? ಬಾಯಿ ಬಿಟ್ಟು ಕೇಳು."

"ಕೇಳಿದ್ದಾಯ್ತಮ್ಮ."

"ವಿಜ್ಞಾನಕ್ಕೆ ದಾಕ್ಷಿಣ್ಯ ಇಲ್ವಂತೆ, ಅತ್ತೆ," ಎಂದಳು ಹೆಂಡತಿ. "ಸಮಿತೀಲಿ ನಿಮ್ಮ ಮಗನೇ ಹೇಳಿದ್ದು."

"ಅವನು ಸಣ್ಣವನಿದ್ದಾಗಿಂದ ಹಾಗೇ ಕಣಮ್ಮ. ಮೊದಲು ಬಾಯಿ, ಆಮೇಲೆ ಯೋಚನೆ."

ಊಟವಾದ ಮೇಲೆ ಹೆಂಡತಿ ಮತ್ತೆ ಕೊಟ್ಟಿಗೆಗೆ ನಡೆದಳು. ಅವನೂ ಹಿಂದೆಯೇ ಹೋದ. ಗಯ್ಯಾಳಿ ಇಬ್ಬರನ್ನೂ ನೋಡಿ ಭುಸ್ಸೆಂದಿತು. ಹೆಂಡತಿ ಕ್ಯಾಲಿಪರ್ ಅವನ ಕೈಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡಳು.

"ನನ್ನ ಕಣ್ಣೇ ಮೋಸ ಮಾಡಿರಬಹುದು. ನೀವು ಅಳೀರಿ. ನೀವು ಹೇಳಿದ್ದನ್ನೇ ಬರ್ಕೋತೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇದಕ್ಕಿಂತ ದೊಡ್ಡ ಉಡುಗೊರೆ ಕೊಟ್ಟಿರಲಿಲ್ಲ. ಕ್ಯಾಲಿಪರ್ ಚರ್ಮಕ್ಕೆ ಒತ್ತಿದ, ಬಗ್ಗಿ ನೋಡಿದ. ಬಾಯಿಗೆ ಬರಬೇಕಿದ್ದುದು ಒಂದು ಸಣ್ಣ ಸಂಖ್ಯೆ, ಅಷ್ಟೇ. ಆದರೆ ಅಳತೆಯ ಮುಳ್ಳು ನಿಂತಿದ್ದ ಜಾಗ ಕಂಡು ಅವನ ಕಣ್ಣರಳಿತು. ಯಾವ ಹಸುವಿನಲ್ಲೂ ಅವನು ಇಷ್ಟು ದಪ್ಪ ಊತ ಕಂಡಿರಲಿಲ್ಲ.

"ಹತ್ತೊಂಬತ್ತೂವರೆ!" ಎಂದು ಕೂಗಿದ. "ನೀನು ಹದಿನೆಂಟು ಅಂದಿದ್ದೆಯಲ್ಲೇ! ಹತ್ತೊಂಬತ್ತೂವರೆ!"

ಹೆಂಡತಿ ನಿಧಾನವಾಗಿ ತಿರುಗಿದಳು. ಅವನನ್ನು ಒಮ್ಮೆ ನೋಡಿ, ಬರೆದುಕೊಂಡಳು.

ಕಸಾಯಿಖಾನೆಯಲ್ಲಿ ಗಯ್ಯಾಳಿಯ ಶ್ವಾಸಕೋಶ ಕೊಯ್ದು ನೋಡಿದವಳೂ ಅವಳೇ. ಕ್ಷಯದ ಒಂದು ಗಂಟೂ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಹೆಣ್ಣುಗರು ಎಂದು ಮನೆಗೆ ಬಂದು ಹೇಳಿದಳು. ಅವನು ವಿಚಾರಿಸಿರಲಿಲ್ಲ.

ಮುಂದಿನ ವಾರ ಇಲಾಖೆಯಿಂದ ಬೋರ್ಡು ಬಂತು: ಕ್ಷಯಮುಕ್ತ ಕೊಟ್ಟಿಗೆ. ಅವನು ಸ್ಟೂಲು ಹತ್ತಿ ಬಾಗಿಲ ಮೇಲೆ ಅದಕ್ಕೆ ಮೊಳೆ ಹೊಡೆಯುತ್ತಿದ್ದಾಗ ಒಳಗೆ ಸಾಧ್ವಿ ಕೆಮ್ಮಿತು.

"ಧೂಳು," ಎಂದ ಅವನು, ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತ್ತು.

ಸ್ಟೂಲು ಹಿಡಿದುಕೊಂಡಿದ್ದ ಹೆಂಡತಿ ಕೊಟ್ಟಿಗೆಯೊಳಗೆ ಇಣುಕಿದಳು. ಸಾಧ್ವಿ ಇನ್ನೊಮ್ಮೆ ಕೆಮ್ಮಿತು.