ಜಾಕ್ ಎಂಬ ಆಳು

ಫ್ಯಾನಿನ ಗಾಳಿಗೆ ದೊಡ್ಡ ಇಂಗ್ಲಿಷ್ ನಿಘಂಟಿನ ಹಾಳೆ ತಾನಾಗಿ ಮಗುಚಿಕೊಂಡಿತು, ಅವಳು ಅಂಗೈ ಒತ್ತಿ ಹಿಡಿದಳು, ಇಷ್ಟು ತೆಳ್ಳಗಿನ ಹಾಳೆಗೆ ಇಷ್ಟೊಂದು ಸೊಕ್ಕು — ಹತ್ತೂಮುಕ್ಕಾಲು, ಹನ್ನೊಂದಕ್ಕೆ ಪುಟಗಳು ಅಚ್ಚಿಗೆ ಹೋಗುತ್ತವೆ, ಪಕ್ಕದಲ್ಲಿ ಕರಡು, ಕರಡಿನಲ್ಲಿ ಜಾಕ್ ಎಂಬ ಪದಕ್ಕೆ ಅವಳು ಬರೆದ ವಿವರಣೆಗೆ ಸಂಪಾದಕರ ಕೆಂಪು ಸುತ್ತು, ಅಂಚಿನಲ್ಲಿ ಅವರ ಟಿಪ್ಪಣಿ, ಯಂತ್ರಪದಗಳ ಕೋಶದಲ್ಲಿ ಅಜ್ಜಿಕಥೆ ಯಾಕಮ್ಮ, ಆಧಾರ ಇದ್ರೆ ಕೊಡು, ಇಲ್ಲಾಂದ್ರೆ ಹೊಡೆದುಹಾಕು. ಆಧಾರ ಅಪ್ಪ ಎಂದು ಹೇಳಲಾದೀತೇ, ಲಾರಿ ರಿಪೇರಿಯ ಅಪ್ಪ, ಊರಿಗೆಲ್ಲ ಬುರುಡೆ ಮೇಸ್ತ್ರಿ, ಒಂದೇ ಕೈಯಲ್ಲಿ ಎಂಜಿನ್ ಎತ್ತಿದವನು, ರಸ್ತೆಗೆ ಅಡ್ಡ ಬಂದ ಹುಲಿಯನ್ನು ಬೈದು ಕಳಿಸಿದವನು. ನೆನಪಿನಲ್ಲಿ ಅವನಿಗೆ ಮುಖಕ್ಕಿಂತ ಪಾದಗಳೇ ಹೆಚ್ಚು, ಲಾರಿಯಡಿಯಿಂದ ಹೊರಚಾಚಿದ ಎರಡು ಪಾದ, ಗ್ರೀಸು ಮೆತ್ತಿದ ಹಿಮ್ಮಡಿ, ಬುರುಡೆ ಬಿಡುವಾಗ ಎಡಗಾಲಿನ ಹೆಬ್ಬೆರಳು ತಾನಾಗಿ ಕುಣಿಯುತ್ತದೆ, ಅದು ಅವಳೊಬ್ಬಳಿಗೇ ಗೊತ್ತು, ಅಮ್ಮನಿಗೂ ಹೇಳಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದಳು, ಜಾಕ್ ಅಂದ್ರೆ ಏನಪ್ಪಾ. ಅದೊಬ್ಬ ಆಳಿನ ಹೆಸರು ಕಣೇ, ಕರೆದ ಕಡೆ ಹೋಗಿ ಭಾರ ಎತ್ತಿಕೊಡ್ತಿದ್ದ, ಅವನ ಕೆಲಸ ಲಾರಿ ಎತ್ತೋ ಈ ಸಾಧನಕ್ಕೆ ಬಂತು, ಹೆಸರೂ ಬಂತು. ಪಕ್ಕದ ಅಂಗಡಿಯ ಟೈರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ, ಮಗೂಗೂ ಬುರುಡೆ ಬಿಡ್ತೀಯಲ್ಲೋ ಮೇಸ್ತ್ರಿ — ಮೂವತ್ತು ವರ್ಷವಾದರೂ ಅವಳ ಕಿವಿ ಬಿಸಿಯಾಗುತ್ತದೆ, ಆದರೂ ಹೋದ ತಿಂಗಳು ಆ ಪದದ ಸರದಿ ಬಂದಾಗ ಕೈ ಅದನ್ನೇ ಬರೆದುಬಿಟ್ಟಿತ್ತು, ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಈಗ ಹೊಡೆದುಹಾಕಿದರೆ ಅವನು ಸುಳ್ಳುಗಾರ ಎಂದು ತಾನೇ ಕೈಯಾರೆ ಬರೆದುಕೊಟ್ಟಂತೆ.

ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಜಾಕ್, ಒಂದು ಕಾಲಕ್ಕೆ ಗಂಡಸರಿಗೆ ತೀರ ಸಾಮಾನ್ಯವಾದ ಹೆಸರು, ಬರಬರುತ್ತ ಯಾವುದೇ ಕೂಲಿಯಾಳಿಗೂ, ಆಮೇಲೆ ಆಳಿನ ಬದಲು ದುಡಿಯುವ ಸಾಧನಕ್ಕೂ, ಭಾರ ಎತ್ತುವ ಸಾಧನಕ್ಕೂ — ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು, ಅಲ್ಲೇ ಇತ್ತು, ಅಯ್ಯೋ ಅಪ್ಪಾ, ನಗುವೂ ಬಂತು ಅಳುವೂ ಬಂತು, ಎದೆ ಹಗುರಾಯಿತು, ಯಾವ ಪುಣ್ಯಾತ್ಮ ಅವನಿಗೆ ಹೇಳಿದ್ದನೋ, ಒಬ್ಬ ಆಳಲ್ಲ, ಎಲ್ಲ ಆಳುಗಳೂ, ತಿದ್ದುವುದು ಅಷ್ಟೇ. ತಿದ್ದಿ, ಕೆಂಪು ಸುತ್ತಿನ ಪಕ್ಕ ನಿಘಂಟಿನ ಪುಟಸಂಖ್ಯೆ ಬರೆದಳು, ಬಾಗಿಲಲ್ಲಿ ಸಂಪಾದಕರು, ಸಿಕ್ತೇನಮ್ಮ, ಸಿಕ್ತು ಸರ್, ಸರಿ ಹಾಗಾದ್ರೆ ಇರ್ಲಿ ಬಿಡು, ಅವರು ಕರಡು ತೆಗೆದುಕೊಂಡು ಹೋದರು — ಅವಳು ಮಾತ್ರ ಆವತ್ತಿನ ಲಾರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ, ಟೈರಿನವನು ನಗುತ್ತಿದ್ದಾನೆ, ಅವನ ನಗುವಿಗೆ ನಾಚಿ ಆವತ್ತು ಪಾದ ನೋಡುವುದನ್ನೇ ಮರೆತಿದ್ದಳೇ, ಇಲ್ಲ, ತಲೆ ತಗ್ಗಿಸಿದಾಗ ನೋಡಿದ್ದಳು, ಈಗ ಕಾಣುತ್ತಿದೆ, ಗ್ರೀಸು ಮೆತ್ತಿದ ಎರಡು ಪಾದ, ಎಡಗಾಲು, ಎಡಗಾಲಿನ ಹೆಬ್ಬೆರಳು, ಅಲ್ಲಾಡದ ಹೆಬ್ಬೆರಳು.