ತೊಳೆದ ಪುಡಿ

ಯಂತ್ರದ ಪರದೆಯ ಮೇಲೆ ತಟ್ಟೆಯ ಗುಳಿಗಳೆಲ್ಲ ಬೆಳಗುತ್ತಿದ್ದವು. ಕಿಣ್ವ ಕೆಲಸ ಮಾಡುತ್ತಿದೆ ಎಂಬುದಕ್ಕೆ ಬೆಳಕೇ ಗುರುತು. ಮದ್ದಿನ ಪುಡಿ ಬಿದ್ದ ಗುಳಿಗಳು ಕಪ್ಪಾಗಬೇಕಿತ್ತು. ರಸಾಯನಶಾಸ್ತ್ರಜ್ಞೆ ಪರದೆಯತ್ತ ಇನ್ನಷ್ಟು ಬಾಗಿದಳು.

ಜೀವಕೋಶವು ಕೆಟ್ಟ ಪ್ರೋಟೀನಿಗೆ ಗುರುತಿನ ಚೀಟಿ ಅಂಟಿಸಿ ಅರೆಯಲು ಕಳಿಸುತ್ತದೆ; ಅರೆಯುವ ಮುನ್ನ ಚೀಟಿಯನ್ನು ಬಿಡಿಸುವುದು ಈ ಕಿಣ್ವ. ಇದರ ಕೈ ಕಟ್ಟಿದರೆ ಅರೆಯುವುದೇ ನಿಂತು, ಕಸ ತುಂಬಿ ಕ್ಯಾನ್ಸರ್ ಕೋಶ ಉಸಿರುಗಟ್ಟುತ್ತದೆ. ಅವಳು ಕಟ್ಟಿದ ಪುಟ್ಟ ಅಣು ಅದನ್ನೇ ಮಾಡುತ್ತದೆಂದು ಎಲ್ಲರೂ ನಂಬಿದ್ದರು. ಹಳೆಯ ಮದ್ದು ಯಾವುದೂ ನಾಟದ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಅವಳ ಅಕ್ಕನೂ ನಂಬಿದ್ದಳು. ರೋಗಿಗಳ ಮೇಲಿನ ಪ್ರಯೋಗಕ್ಕೆಂದು ಗುಳಿಗಳನ್ನು ಕಪ್ಪಾಗಿಸುತ್ತಿದ್ದ ಆ ಅಣುವಿನ ಹಳದಿ ಪುಡಿಯನ್ನು ತಂಗಿ ತೊಳೆದು ತೊಳೆದು ಬೆಳ್ಳಗೆ ಮಾಡಿದ್ದಳು.

"ನೀವು ಪುಡಿ ಹಾಕೋದನ್ನೇ ಮರೆತಿದ್ದೀರಿ," ಎಂದು ಜೀವಶಾಸ್ತ್ರಜ್ಞನಾದ ಗಂಡನ ಮೇಲೆ ಹರಿಹಾಯ್ದಳು. "ಮನೇಲಿ ಅಡುಗೆಗೆ ಉಪ್ಪು ಮರೆಯೋ ಹಾಗೆ!"

"ಅಲ್ಲಿ ಮರೆತೇನು, ಇಲ್ಲಿ ಮರೆಯಲ್ಲ ಕಣೇ. ನಿನ್ನ ಕಣ್ಮುಂದೇನೇ ಹಾಕ್ತೀನಿ, ಬಾ."

ಹಾಕಿದ. ಮತ್ತೆ ಬೆಳಗಿದವು.

ಪುಡಿ ತೊಳೆದ ನೀರಿನ್ನೂ ಸೀಸೆಯಲ್ಲಿತ್ತು. ಅವನು ಸುಮ್ಮನೆ ಅದರ ಹನಿಗಳನ್ನು ಹೊಸ ಗುಳಿಗಳಿಗೆ ಬಿಟ್ಟ. ಅಷ್ಟೂ ಕಪ್ಪಾದವು.

"ಈ ಪುಡಿ ಮಾಡುವಾಗ ಕೊನೇ ಹಂತದಲ್ಲಿ ಏನು ಹಾಕ್ತೀಯ?"

"ಸತುವಿನ ಪುಡಿ," ಎಂದವಳು ಸತುವಿನ ಲವಣದ ಸೀಸೆಗೆ ಕೈಚಾಚಿದಳು.

ಬರೀ ಸತುವಿನ ಲವಣವನ್ನು ಹಾಕಿ ನೋಡಿದರು. ಅದೂ ಕಪ್ಪು. ಅಣುವಿಲ್ಲದ ದ್ರಾವಕವನ್ನು ಪ್ರತಿಸಲವೂ ಹೋಲಿಕೆಗಿಟ್ಟಿದ್ದರು. ಸತುವನ್ನೂ ಹಾಗೆ ಇಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಹಾಗಾದ್ರೆ ಸತುವನ್ನೇ ಮದ್ದಾಗಿ..." ಎಂದ ಅವನು, ತನಗೇ ನಂಬಿಕೆಯಿಲ್ಲದೆ.

"ಅದು ಸಿಕ್ಕಸಿಕ್ಕ ಕಿಣ್ವಕ್ಕೆಲ್ಲ ಅಂಟಿಕೊಳ್ಳುತ್ತೆ. ಒಳ್ಳೇ ಕೋಶಾನೂ ಬಿಡಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ.

"ಏನೇ, ನಿನ್ನ ಮದ್ದಿಗೆ ಗುಬ್ಬಿಮರಿ ಥರ ಬಾಯಿ ಕಳ್ಕೊಂಡು ಕೂತಿದ್ದೀನಿ. ಎಲ್ಲಿಗೆ ಬಂತು?"

ಗಂಡ ಹೇಳಬೇಡವೆಂದು ತಲೆಯಾಡಿಸಿದ. ಅವಳು ಅವನ ಕಡೆಯಿಂದ ಮುಖ ತಿರುಗಿಸಿದಳು.

"ಅಕ್ಕ, ಅದು ಮದ್ದಲ್ಲ. ಅದರೊಳಗಿದ್ದ ಕೊಳೆ ಕೆಲಸ ಮಾಡ್ತಿತ್ತು. ತೊಳೆದೆ, ಹೋಯ್ತು."



"ಚಿಕ್ಕೋಳಿದ್ದಾಗಿಂದ ನಿಂದು ತೊಳೆಯೋದೇ ಆಯ್ತು," ಎಂದಳು ಅಕ್ಕ, ತೀರ ಮೆಲ್ಲಗೆ. "ಇದೊಂದನ್ನ ತೊಳೀದೆ ಬಿಡೋಕಾಗಲಿಲ್ವೇನೇ?"